ಪಂಪು ನಡುಗದಂತೆ ಕೂರಿಸುವುದು ಹೇಗೆ: ಮಣ್ಣಿನಿಂದ ಪೈಪಿನವರೆಗೆ

ಅಕ್ಕಿ ಗಿರಣಿಯ ಬಾಯ್ಲರ್‌ಗೆ ನೀರು ಕೊಡುವ ಪಂಪೇ ಇರಲಿ, ಹರಿಹರ ತಾಲ್ಲೂಕಿನ ರಾಜನಹಳ್ಳಿಯಲ್ಲಿ 22 ಕೆರೆಗಳಿಗಾಗಿ ತುಂಗಭದ್ರೆಯ ನೀರೆತ್ತುವಂಥ ದೊಡ್ಡ ಪಂಪೇ ಇರಲಿ, ಅದು ಮಿತಿ ಮೀರಿ ನಡುಗತೊಡಗಿದಾಗ ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಬೇರಿಂಗ್ ಬದಲಾಗುತ್ತದೆ, ಬಳಿಕ ಸೀಲ್ ಬದಲಾಗುತ್ತದೆ, ಅದಕ್ಕೂ ಬಗ್ಗದಿದ್ದರೆ ಶಾಫ್ಟನ್ನು ಲೇತಿಗೆ ಕಳುಹಿಸಲಾಗುತ್ತದೆ. ಪಂಪು ಕುಳಿತಿರುವ ಜಾಗವನ್ನು ಮಾತ್ರ ಯಾರೂ ನೋಡುವುದಿಲ್ಲ. ಪಂಪು, ಮೋಟಾರು, ಅವೆರಡನ್ನೂ ಹೊತ್ತ ಬೇಸ್ ಫ್ರೇಮ್, ಫ್ರೇಮಿಗೂ ಕಾಂಕ್ರೀಟಿಗೂ ನಡುವಿನ ಸಂದಿಗೆ ಸುರಿದು ತುಂಬುವ ಗ್ರೌಟ್, ಕಾಂಕ್ರೀಟು ಮತ್ತು ಅದರಡಿಯ ಮಣ್ಣು ಇವೆಲ್ಲವೂ ಒಂದೇ ದೇಹವಾಗಿ ಬೆಸೆದುಕೊಂಡಿದ್ದರೆ ತಿರುಗುವ ಭಾಗಗಳ ಬಲ ನೆಲಕ್ಕಿಳಿದು ಅಡಗುತ್ತದೆ. ಇವುಗಳಲ್ಲಿ ಯಾವುದೇ ಎರಡರ ನಡುವೆ ಸಡಿಲವಿದ್ದರೂ ಆ ಬಲವನ್ನು ಬೇರಿಂಗ್ ಮತ್ತು ಸೀಲ್‌ಗಳೇ ತಿನ್ನಬೇಕಾಗುತ್ತದೆ. ಈ ಕಾರಣಕ್ಕೆ ಇಲ್ಲಿನ ವಿವರಣೆ ಮಣ್ಣಿನಿಂದ ಆರಂಭವಾಗಿ ಮೇಲಕ್ಕೆ ಸಾಗುತ್ತದೆ, ಕೆಲಸವೂ ಇದೇ ಕ್ರಮದಲ್ಲಿ ನಡೆಯಬೇಕು.

ಮೊದಲು ನೆಲವನ್ನು ತಿಳಿಯಿರಿ

ದಾವಣಗೆರೆ ಸುತ್ತಲಿನ ಬಹಳಷ್ಟು ಕಡೆ ಎರೆಮಣ್ಣು ಇದೆ. ಮಳೆಗಾಲದಲ್ಲಿ ನೀರು ಕುಡಿದು ಉಬ್ಬುವ, ಬೇಸಿಗೆಯಲ್ಲಿ ಕೈ ತೂರುವಷ್ಟು ಅಗಲಕ್ಕೆ ಬಿರಿಯುವ ಈ ಮಣ್ಣು ಬೆಳೆಗೆ ಒಳ್ಳೆಯದಾದರೂ ಯಂತ್ರಕ್ಕೆ ಒಳ್ಳೆಯದಲ್ಲ. ಋತುಮಾನದ ತೇವದ ಏರಿಳಿತ ಸಾಮಾನ್ಯವಾಗಿ ನೆಲದಿಂದ ಸುಮಾರು 3.5 ಮೀಟರ್ ಆಳದವರೆಗೂ ಮುಟ್ಟುತ್ತದೆಂದು ಲೆಕ್ಕ ಹಿಡಿಯುತ್ತಾರೆ. ಎರಡಡಿ ಅಗೆದು, ಜಲ್ಲಿ ಹಾಸಿ, ಅದರ ಮೇಲೆ ಕಾಂಕ್ರೀಟು ಸುರಿದರೆ ಬ್ಲಾಕು ಒಂದು ಮಳೆಗಾಲ ಕಳೆಯುವುದರೊಳಗೆ ಒಂದು ಬದಿಗೆ ವಾಲಿರುತ್ತದೆ. ಬ್ಲಾಕು ಇಡಿಯಾಗಿ ವಾಲಿದರೆ ಅದರ ಮೇಲಿರುವ ಪಂಪೂ ಮೋಟಾರೂ ಒಟ್ಟಿಗೇ ವಾಲುವುದರಿಂದ ಎರಡರ ಶಾಫ್ಟುಗಳನ್ನು ಜೋಡಿಸುವ ಕಪ್ಲಿಂಗಿಗೆ ಅಷ್ಟಾಗಿ ತೊಂದರೆಯಾಗದು. ಆದರೆ ಪೈಪಿನ ಆಧಾರಗಳು ಬೇರೆ ನೆಲದ ಮೇಲಿರುತ್ತವೆಯಾದ್ದರಿಂದ ಪೈಪು ಪಂಪನ್ನು ಎಳೆಯಲು ಅಥವಾ ಒತ್ತಲು ತೊಡಗುತ್ತದೆ, ಅಲೈನ್‌ಮೆಂಟ್ (ಎರಡೂ ಶಾಫ್ಟುಗಳು ಒಂದೇ ಗೆರೆಯಲ್ಲಿರುವುದು) ಕೆಡುವುದು ಅಲ್ಲಿಂದ.

ಇದಕ್ಕೆ ಎರಡು ದಾರಿಗಳಿವೆ. ಸಣ್ಣ ಮತ್ತು ಮಧ್ಯಮ ಪಂಪುಗಳಿಗೆ ಬ್ಲಾಕಿನ ಅಡಿಯ ಎರೆಮಣ್ಣನ್ನು ತೆಗೆದುಹಾಕಿ, ಅಲ್ಲಿ ಉಬ್ಬದ, ಆದರೆ ಅಂಟುಗುಣವಿರುವ ಗರಸು ಮಣ್ಣನ್ನು ಸುಮಾರು 1 ಮೀಟರ್ ದಪ್ಪಕ್ಕೆ, 150ರಿಂದ 200 ಮಿಮೀ ಪದರಗಳಲ್ಲಿ ನೀರು ಹಾಕಿ ದಮ್ಮಸು ಮಾಡುತ್ತಾ ತುಂಬಬೇಕು. ಐಐಟಿ ಬಾಂಬೆಯ ಪ್ರೊ. ಆರ್. ಕೆ. ಕಟ್ಟಿ ಅವರ ಸಂಶೋಧನೆಯಿಂದ ಬಂದ, ಎಂಜಿನಿಯರುಗಳು ಸಿಎನ್ಎಸ್ (ಕೊಹೆಸಿವ್ ನಾನ್-ಸ್ವೆಲಿಂಗ್) ಪದರ ಎಂದು ಕರೆಯುವ ವಿಧಾನ ಇದು. ಇಲ್ಲಿ ಬರೀ ಮರಳು ತುಂಬಬಾರದು, ಏಕೆಂದರೆ ಮರಳು ನೀರನ್ನು ನೇರವಾಗಿ ಕೆಳಗಿನ ಎರೆಮಣ್ಣಿಗೆ ಇಳಿಸುತ್ತದೆ. ಭಾರೀ ಪಂಪುಗಳಿಗಾದರೆ ತಳದಲ್ಲಿ ಉಬ್ಬಿರುವ ಅಂಡರ್-ರೀಮ್ಡ್ ಪೈಲುಗಳನ್ನು ತೇವ ಬದಲಾಗದ ಆಳಕ್ಕೆ ಇಳಿಸಿ ಅವುಗಳ ಮೇಲೆ ಬ್ಲಾಕನ್ನು ಕೂರಿಸುವುದು ಸರಿಯಾದ ಕ್ರಮ. ಪೈಪಿನ ಆಧಾರಗಳಿಗೂ ಇದೇ ಅಡಿಪಾಯ ಬೇಕು.

ನೀರಿನ ದಾರಿಯನ್ನೂ ಈಗಲೇ ಯೋಚಿಸಬೇಕು. ಗ್ಲ್ಯಾಂಡ್ ಪ್ಯಾಕಿಂಗ್ (ಸೋರಿಕೆ ತಗ್ಗಿಸಲು ಶಾಫ್ಟಿನ ಸುತ್ತ ತುರುಕುವ ಹುರಿ) ಇರುವ ಪಂಪಿನಿಂದ ಹನಿ ಹನಿಯಾಗಿ ನೀರು ಬೀಳಲೇಬೇಕು, ಅದು ಪ್ಯಾಕಿಂಗನ್ನು ತಂಪಾಗಿಡುತ್ತದೆ. ಆ ನೀರು ವರ್ಷಗಟ್ಟಲೆ ಬ್ಲಾಕಿನ ಒಂದೇ ಮೂಲೆಯಲ್ಲಿ ಇಂಗಿದರೆ ಆ ಮೂಲೆಯ ಮಣ್ಣು ಮಾತ್ರ ಉಬ್ಬುತ್ತದೆ. ಫ್ರೇಮಿನಿಂದಲೇ ಪೈಪು ಹಾಕಿ ನೀರನ್ನು ಪಕ್ಕಾ ಚರಂಡಿಗೆ ಬಿಡಿ. ಎರೆಭೂಮಿಯ ಮೇಲಿರುವ ಪಂಪ್‌ಹೌಸುಗಳಲ್ಲಿ ಬ್ಲಾಕಿನ ಮಟ್ಟವನ್ನು ಮಳೆಗಾಲದ ಕೊನೆಗೊಮ್ಮೆ, ಮೇ ತಿಂಗಳಲ್ಲೊಮ್ಮೆ ಅಳೆದು ಬರೆದಿಡಿ.

ಚಿತ್ರದುರ್ಗದ ಕಡೆ ಸಮಸ್ಯೆ ಬೇರೆ. ಅಲ್ಲಿ ಗುದ್ದಲಿ ಹಾಕಿದ ಕೂಡಲೇ ಕಲ್ಲು ಸಿಗುತ್ತದೆ, ಕಲ್ಲು ಸಿಕ್ಕಿತೆಂಬ ಸಂತೋಷದಲ್ಲಿ ಅದರ ಮೇಲೇ ಕಾಂಕ್ರೀಟು ಹಾಕಿಬಿಡುತ್ತಾರೆ. ಅದು ತಳಬಂಡೆಯೋ ಮಣ್ಣಿನಲ್ಲಿ ಹುದುಗಿದ ಬಿಡಿಗುಂಡೋ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಬ್ಲಾಕಿನ ಅರ್ಧ ಭಾಗ ಗುಂಡಿನ ಮೇಲೂ ಇನ್ನರ್ಧ ಮಣ್ಣಿನ ಮೇಲೂ ಕುಳಿತರೆ ಅದು ಎರೆಮಣ್ಣಿಗಿಂತ ಕೆಟ್ಟ ಅಡಿಪಾಯ. ತಳಬಂಡೆಯೇ ಆಗಿದ್ದರೆ ಮೇಲಿನ ಶಿಥಿಲ ಪದರವನ್ನು ಕೆತ್ತಿ ತೆಗೆದು, ಗಟ್ಟಿ ಕಲ್ಲಿಗೆ ರಂಧ್ರ ಕೊರೆದು, ಕಬ್ಬಿಣದ ಸರಳುಗಳನ್ನು ಗ್ರೌಟಿನಲ್ಲಿ ನಿಲ್ಲಿಸಿ ಬ್ಲಾಕಿನೊಂದಿಗೆ ಬೆಸೆಯಬೇಕು.

ಕಾಂಕ್ರೀಟ್ ಬ್ಲಾಕಿನ ತೂಕ ಮತ್ತು ಆಕಾರ

ರೂಢಿಯಲ್ಲಿರುವ ಲೆಕ್ಕವೆಂದರೆ ಸೆಂಟ್ರಿಫ್ಯೂಗಲ್ ಪಂಪಿಗೆ ಪಂಪು, ಮೋಟಾರು, ಫ್ರೇಮುಗಳ ಒಟ್ಟು ತೂಕದ ಕನಿಷ್ಠ 3 ಪಟ್ಟು, ಪಿಸ್ಟನ್ ಪಂಪಿಗೆ ಕನಿಷ್ಠ 5 ಪಟ್ಟು ತೂಕದ ಬ್ಲಾಕು. ಉದಾಹರಣೆಗೆ ಒಟ್ಟು 800 ಕೆಜಿ ತೂಗುವ ಪಂಪಿಗೆ 2,400 ಕೆಜಿ, ಅಂದರೆ ಸುಮಾರು 1 ಘನ ಮೀಟರ್ ಕಾಂಕ್ರೀಟು ಬೇಕು. ಆದರೆ ತೂಕವೊಂದೇ ಸಾಲದು. ಶಾಫ್ಟಿನ ಮಧ್ಯದಿಂದ ಎರಡೂ ಬದಿಗೆ, ಲಂಬರೇಖೆಗೆ 30 ಡಿಗ್ರಿ ಓರೆಯಾಗಿ ಗೆರೆ ಎಳೆದರೆ ಆ ಗೆರೆಗಳು ಬ್ಲಾಕಿನ ತಳದಲ್ಲಿ ಹೊರಬೀಳಬೇಕೇ ಹೊರತು ಪಕ್ಕದ ಗೋಡೆಯಲ್ಲಿ ಹೊರಬೀಳಬಾರದು. ಶಾಫ್ಟು ಬ್ಲಾಕಿನ ಮೇಲ್ಮೈಯಿಂದ 0.45 ಮೀಟರ್ ಎತ್ತರದಲ್ಲಿದ್ದು ಬ್ಲಾಕು 0.5 ಮೀಟರ್ ದಪ್ಪವಿದ್ದರೆ ಅಗಲ 1.1 ಮೀಟರಿಗೆ ಕಡಿಮೆ ಇರಬಾರದು. ಹಾಗಾಗಿ ಈ ಪಂಪಿಗೆ 1.8 ಮೀಟರ್ ಉದ್ದ, 1.2 ಮೀಟರ್ ಅಗಲ, 0.5 ಮೀಟರ್ ದಪ್ಪದ ಬ್ಲಾಕು ಹೊಂದುತ್ತದೆ. ಅಷ್ಟೇ ಕಾಂಕ್ರೀಟನ್ನು ಕಿರಿದಾದ ಎತ್ತರದ ಕಂಬವಾಗಿ ಕಟ್ಟಿದರೆ ತೂಕ ಸರಿಯಿದ್ದರೂ ಅದು ಅಕ್ಕಪಕ್ಕಕ್ಕೆ ತೂಗಾಡುತ್ತದೆ.

ಫ್ರೇಮಿನ ಅಂಚಿನಿಂದ ಹೊರಗೆ ಎಲ್ಲ ಬದಿಗೂ 75ರಿಂದ 100 ಮಿಮೀ ಕಾಂಕ್ರೀಟು ಚಾಚಿರಲಿ. ಬ್ಲಾಕಿಗೂ ಸುತ್ತಲಿನ ನೆಲಹಾಸಿಗೂ ನಡುವೆ ಸುಮಾರು 25 ಮಿಮೀ ಸಂದು ಬಿಟ್ಟು, ಬಿಟುಮೆನ್ ಹಲಗೆಯಂಥದ್ದನ್ನು ತುಂಬಿ. ಅಕ್ಕಪಕ್ಕದ ಎರಡು ಪಂಪುಗಳನ್ನು ಒಂದೇ ತೆಳು ಕಾಂಕ್ರೀಟ್ ಹಾಸಿನ ಮೇಲೆ ಇಡಬೇಡಿ. ಒಂದು ಓಡುತ್ತಿರುವಾಗ ಅದರ ಕಂಪನ ನಿಂತಿರುವ ಪಂಪಿಗೂ ಹರಿದು, ಅದರ ಬೇರಿಂಗ್ ಗುಂಡುಗಳು ಒಂದೇ ಜಾಗದಲ್ಲಿ ಉಜ್ಜಿ ಗುಳಿ ಬೀಳಿಸುತ್ತವೆ. ಸ್ಟ್ಯಾಂಡ್‌ಬೈ ಎಂದು ಜೋಪಾನವಾಗಿ ಇಟ್ಟ ಪಂಪು ಮೊದಲ ದಿನವೇ ಸದ್ದು ಮಾಡುವುದಕ್ಕೆ ಇದು ಕಾರಣವಾಗಿರುವುದುಂಟು. ದೊಡ್ಡ ಯಂತ್ರಗಳ ಅಡಿಪಾಯದ ವಿನ್ಯಾಸಕ್ಕೆ ಐಎಸ್ 2974 ಸಂಹಿತೆಯನ್ನು ಬಲ್ಲ ಸಿವಿಲ್ ಎಂಜಿನಿಯರರೇ ಬೇಕು. ಮೇಲಿನ ಲೆಕ್ಕಗಳು ಅದಕ್ಕೆ ಬದಲಿಯಲ್ಲ.

ಎಂ25 ಅಥವಾ ಅದಕ್ಕಿಂತ ಮೇಲಿನ ದರ್ಜೆಯ ಕಾಂಕ್ರೀಟು, ಎರಡೂ ಮುಖದಲ್ಲಿ ಸರಳಿನ ಜಾಲ, ನಿಲ್ಲಿಸದೆ ಒಂದೇ ಸಲಕ್ಕೆ ಸುರಿಯುವುದು ಇವು ಮೂರೂ ಕಡ್ಡಾಯ. ಜೋಗಿಮಟ್ಟಿಯ ಸುತ್ತ ಗಾಳಿಯಂತ್ರಗಳನ್ನು ತಿರುಗಿಸುವ ಚಿತ್ರದುರ್ಗದ ಒಣಗಾಳಿ ಹಸಿ ಕಾಂಕ್ರೀಟಿನ ಮೇಲ್ಮೈಯನ್ನು ಗಂಟೆಗಳಲ್ಲೇ ಒಣಗಿಸಿ ಬಿರುಕು ಬಿಡಿಸುತ್ತದೆ, ಆದ್ದರಿಂದ ಸುರಿದ ದಿನವೇ ಒದ್ದೆ ಗೋಣಿತಾಟು ಹೊದಿಸಬೇಕು.

ಬೋಲ್ಟುಗಳು

ಫೌಂಡೇಶನ್ ಬೋಲ್ಟಿನ ಮೇಲ್ಭಾಗಕ್ಕೆ ಬೋಲ್ಟಿನ ವ್ಯಾಸದ ಎರಡರಿಂದ ಮೂರು ಪಟ್ಟು ಒಳವ್ಯಾಸದ ಕೊಳವೆ ತೊಡಿಸಿ ಕಾಂಕ್ರೀಟಿನಲ್ಲಿ ಹೂಳಬೇಕು. ಈ ಕೊಳವೆಯಿಂದ ಎರಡು ಪ್ರಯೋಜನಗಳಿವೆ: ಫ್ರೇಮಿನ ರಂಧ್ರಕ್ಕೆ ತಕ್ಕಂತೆ ಬೋಲ್ಟನ್ನು ಸ್ವಲ್ಪ ಸರಿಸಬಹುದು, ನಟ್ಟು ಬಿಗಿದಾಗ ಬೋಲ್ಟಿನ ಉದ್ದನೆಯ ಭಾಗ ಎಳೆದುಕೊಂಡು ಸ್ಪ್ರಿಂಗಿನಂತೆ ಬಿಗಿ ಹಿಡಿದಿರುತ್ತದೆ. ಗ್ರೌಟ್ ಕೊಳವೆಯೊಳಗೆ ಇಳಿಯದಂತೆ ಬಾಯಿಗೆ ಸೀಲೆಂಟ್ ಅಥವಾ ಮೆತ್ತನೆಯ ಫೋಮ್ ತುಂಬಿ. ಹಳೆಯ ಬ್ಲಾಕಿಗೆ ಎಕ್ಸ್‌ಪಾನ್ಷನ್ ಬೋಲ್ಟು ಹೊಡೆದು ಪಂಪು ಕೂರಿಸುವುದನ್ನು ಎಷ್ಟೋ ಕಡೆ ನೋಡುತ್ತೇವೆ. ಕಂಪನಕ್ಕೆ ಅವು ನಿಧಾನವಾಗಿ ಸಡಿಲವಾಗುತ್ತವೆ, ಆ ಜಾಗದಲ್ಲಿ ರಾಸಾಯನಿಕ ಆಂಕರ್ ಹೆಚ್ಚು ನಂಬಿಕೆಗೆ ಅರ್ಹ.

ಮಟ್ಟ ಮಾಡಿ ಗ್ರೌಟ್ ಹಾಕುವುದು

ಪಂಪಿನ ಆಯುಷ್ಯವನ್ನು ಅತಿ ಹೆಚ್ಚು ನಿರ್ಧರಿಸುವ ಹಂತ ಇದು, ಅತಿ ಹೆಚ್ಚು ಅವಸರದಲ್ಲಿ ಮುಗಿಯುವ ಹಂತವೂ ಇದೇ. ಕಾಂಕ್ರೀಟು ಸಾಕಷ್ಟು ಬಲಗೊಂಡ ಮೇಲೆ ಮೇಲಿನ 10ರಿಂದ 25 ಮಿಮೀ ಪದರವನ್ನು ಉಳಿಯಿಂದ ಕೆತ್ತಿ, ಒಳಗಿನ ಜಲ್ಲಿ ಕಾಣುವವರೆಗೆ ಒರಟು ಮಾಡಬೇಕು. ಮೇಸ್ತ್ರಿ ನುಣುಪಾಗಿ ಕರಣೆ ಎಳೆದ ಆ ಮೇಲ್ಪದರ ಬರೀ ಸಿಮೆಂಟಿನ ಕೆನೆ, ಅದರ ಮೇಲೆ ಹಾಕಿದ ಗ್ರೌಟ್ ಅದರೊಂದಿಗೇ ಸಿಪ್ಪೆ ಏಳುತ್ತದೆ. ಎಣ್ಣೆ ಬಿದ್ದ ಜಾಗವಿದ್ದರೆ ಎಣ್ಣೆ ಇಳಿದಿರುವಷ್ಟು ಆಳಕ್ಕೂ ಕೆತ್ತಿ ತೆಗೆಯಿರಿ. ಫ್ರೇಮಿನ ಅಡಿಭಾಗದ ತುಕ್ಕು, ಗ್ರೀಸು, ಸಡಿಲ ಬಣ್ಣ ಎಲ್ಲವನ್ನೂ ಉಜ್ಜಿ ಸ್ವಚ್ಛಗೊಳಿಸಿ.

ಪ್ರತಿ ಬೋಲ್ಟಿನ ಪಕ್ಕದಲ್ಲಿ ಮಟ್ಟದ ಸ್ಕ್ರೂ ಅಥವಾ ಜೋಡಿ ಬೆಣೆಗಳನ್ನಿಟ್ಟು ಫ್ರೇಮನ್ನು ಕಾಂಕ್ರೀಟಿನಿಂದ 25ರಿಂದ 50 ಮಿಮೀ ಮೇಲೆ ನಿಲ್ಲಿಸಿ. ಪಂಪಿನ ಮತ್ತು ಮೋಟಾರಿನ ಪಾದ ಕೂರುವ ಮೆಷಿನ್ ಮಾಡಿದ ಮೇಲ್ಮೈಗಳ ಮೇಲೆಯೇ, ಉದ್ದಕ್ಕೂ ಅಡ್ಡಕ್ಕೂ ಮಟ್ಟ ನೋಡಬೇಕು. 1 ಮೀಟರಿಗೆ 0.2 ಮಿಮೀಗಿಂತ ಹೆಚ್ಚಿನ ಓರೆ ಇರಬಾರದು. ಗಾರೆ ಕೆಲಸದ ರಸಮಟ್ಟ ಇಷ್ಟು ಸೂಕ್ಷ್ಮವನ್ನು ತೋರಿಸುವುದಿಲ್ಲವಾದ್ದರಿಂದ ಫಿಟ್ಟರುಗಳು ಬಳಸುವ ಪ್ರಿಸಿಷನ್ ಲೆವೆಲ್ ತರಿಸಿಕೊಳ್ಳಿ. ಕಪ್ಲಿಂಗಿನ ಒರಟು ಅಲೈನ್‌ಮೆಂಟನ್ನು ಗ್ರೌಟಿಗೆ ಮೊದಲೇ ಮಾಡಿ ನೋಡಿ, ಇಲ್ಲದಿದ್ದರೆ ಮೋಟಾರನ್ನು ಸರಿಸಲು ಜಾಗವೇ ಸಾಲದೆಂಬುದು ಗ್ರೌಟ್ ಗಟ್ಟಿಯಾದ ಮೇಲೆ ತಿಳಿಯುತ್ತದೆ.

ಮರಳು ಸಿಮೆಂಟಿನ ಸಾದಾ ಗಾರೆ ಇಲ್ಲಿ ಕೆಲಸಕ್ಕೆ ಬಾರದು, ಅದು ಒಣಗುವಾಗ ಕುಗ್ಗಿ ಫ್ರೇಮಿನಿಂದ ಬಿಟ್ಟುಕೊಳ್ಳುತ್ತದೆ. ಕುಗ್ಗದ ಸಿಮೆಂಟ್ ಗ್ರೌಟ್ ಬಳಸುವುದಾದರೆ ಕಾಂಕ್ರೀಟನ್ನು ಹಿಂದಿನ ದಿನದಿಂದ ನೀರಿನಲ್ಲಿ ನೆನೆಸಿ, ಹಾಕುವ ಮುನ್ನ ನಿಂತ ನೀರನ್ನು ಒರೆಸಿ ತೆಗೆಯಬೇಕು. ಎಪಾಕ್ಸಿ ಗ್ರೌಟಾದರೆ ಕಾಂಕ್ರೀಟು ಪೂರ್ತಿ ಒಣಗಿರಬೇಕು. ಎಣ್ಣೆ, ರಾಸಾಯನಿಕ ಬೀಳುವ ಜಾಗಕ್ಕೂ ಕಂಪನ ಹೆಚ್ಚಿರುವ ಪಿಸ್ಟನ್ ಪಂಪಿಗೂ ಎಪಾಕ್ಸಿಯ ಖರ್ಚು ಸಾರ್ಥಕ. ಯಾವುದೇ ಆಗಲಿ, ಒಂದೇ ಬದಿಯಿಂದ ನಿಲ್ಲಿಸದೆ ಸುರಿಯಬೇಕು, ಆಗ ಗ್ರೌಟ್ ಮುಂದೆ ಹರಿಯುತ್ತಾ ಫ್ರೇಮಿನಡಿಯ ಗಾಳಿಯನ್ನು ಇನ್ನೊಂದು ಬದಿಗೆ ತಳ್ಳಿಕೊಂಡು ಹೋಗುತ್ತದೆ. ಎರಡೂ ಬದಿಯಿಂದ ಸುರಿದರೆ ಗಾಳಿ ನಡುವೆ ಸಿಕ್ಕಿಬೀಳುತ್ತದೆ. ಫ್ರೇಮಿನ ಮೂಲೆಗಳಲ್ಲಿ ಗಾಳಿ ಹೋಗುವ ರಂಧ್ರಗಳು ಇರಲೇಬೇಕು, ಅವುಗಳಿಂದ ಗ್ರೌಟ್ ಉಕ್ಕಿ ಬಂದಾಗಷ್ಟೇ ಆ ಮೂಲೆ ತುಂಬಿತೆಂದು ತಿಳಿಯಬೇಕು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಈ ಕೆಲಸವನ್ನು ಬೆಳಗಿನ ಜಾವವೇ ಮುಗಿಸುವುದು ಲೇಸು.

ಗ್ರೌಟ್ ಗಟ್ಟಿಯಾದ ಮೇಲೆ ಮಟ್ಟದ ಸ್ಕ್ರೂಗಳನ್ನು ಹಿಂದಕ್ಕೆ ತಿರುಗಿಸಿ ಸಡಿಲಿಸಬೇಕು. ಇದನ್ನು ಮರೆತರೆ ಫ್ರೇಮಿನ ಭಾರ ಸ್ಕ್ರೂಗಳ ತುದಿಯ ಮೇಲೇ ಉಳಿದು, ಗ್ರೌಟ್ ಹಾಕಿದ್ದೂ ವ್ಯರ್ಥವಾಗುತ್ತದೆ. ನಂತರ ಸಣ್ಣ ಸುತ್ತಿಗೆ ಹಿಡಿದು ಫ್ರೇಮಿನ ಮೇಲೆ ಅಂಗೈಯಷ್ಟು ಅಂತರದಲ್ಲಿ ಸಾಲಾಗಿ ಬಡಿಯುತ್ತಾ ಹೋಗಿ. ತುಂಬಿದ ಕಡೆ ಸದ್ದು ಮಂದವಾಗಿ, ಗಟ್ಟಿಯಾಗಿ ಬರುತ್ತದೆ. ಟೊಳ್ಳಿರುವ ಕಡೆ ಟಣ್ ಎಂದು ಮೊಳಗುತ್ತದೆ. ಮೊಳಗಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎರಡು ತುದಿಗಳಲ್ಲಿ ಸಣ್ಣ ರಂಧ್ರ ಕೊರೆದು, ಒಂದರಿಂದ ತೆಳು ಎಪಾಕ್ಸಿಯನ್ನು ನಿಧಾನವಾಗಿ ಒತ್ತಿ, ಇನ್ನೊಂದರಿಂದ ಅದು ಹೊರಬರುವವರೆಗೆ ತುಂಬಿಸಿ. ಒತ್ತಡ ಹೆಚ್ಚಾದರೆ ಫ್ರೇಮೇ ಮೇಲೆದ್ದೀತು, ಸೂಕ್ಷ್ಮ ಅಲುಗಾಟವನ್ನು ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜ್ ಹಚ್ಚಿಟ್ಟುಕೊಂಡೇ ಈ ಕೆಲಸ ಮಾಡಿ.

ಪಾದದ ಸಂದು ಮತ್ತು ಅಲೈನ್‌ಮೆಂಟ್

ಮೋಟಾರಿನ ನಾಲ್ಕು ಪಾದಗಳಲ್ಲಿ ಮೂರು ಮಾತ್ರ ಫ್ರೇಮನ್ನು ಮುಟ್ಟುತ್ತಿದ್ದು, ನಾಲ್ಕನೆಯದನ್ನು ಬೋಲ್ಟಿನ ಬಲದಿಂದ ಎಳೆದು ಕೂರಿಸಿದ್ದರೆ ಮೋಟಾರಿನ ಮೈಯೇ ತಿರುಚಿಕೊಳ್ಳುತ್ತದೆ. ಫಿಟ್ಟರುಗಳು ಸಾಫ್ಟ್ ಫುಟ್ ಎನ್ನುವ ಈ ದೋಷವಿದ್ದರೆ ಅಲೈನ್‌ಮೆಂಟ್ ಎಷ್ಟು ಸಲ ಮಾಡಿದರೂ ನಿಲ್ಲದು. ಫ್ಯೂಸ್ ತೆಗೆದು, ಸ್ವಿಚ್ಚಿಗೆ ಬೀಗ ಹಾಕಿದ ಮೇಲೆ, ಎಲ್ಲ ಪಾದಗಳನ್ನೂ ಬಿಗಿದು, ಒಂದು ಪಾದದ ಮೇಲೆ ಡಯಲ್ ಗೇಜ್ ನಿಲ್ಲಿಸಿ ಆ ಒಂದು ಬೋಲ್ಟನ್ನು ಮಾತ್ರ ಸಡಿಲಿಸಿ. ಮುಳ್ಳು 0.05 ಮಿಮೀಗಿಂತ ಹೆಚ್ಚು ಸರಿದರೆ ಆ ಪಾದದಡಿ ಸಂದು ಇದೆ ಎಂದರ್ಥ. ಸಂದಿನ ಅಗಲ ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜನ್ನು ಪಾದದ ನಾಲ್ಕೂ ಮೂಲೆಗೆ ತೂರಿಸಿ, ಸಂದು ಸಮವಾಗಿದೆಯೋ ಒಂದು ಕಡೆ ಬಾಯ್ತೆರೆದಿದೆಯೋ ನೋಡಿ; ಸಮವಾಗಿದ್ದರೆ ಶಿಮ್ (ಪಾದದಡಿ ತೂರಿಸುವ ತೆಳು ಲೋಹದ ಹಾಳೆ) ಸಾಕು, ಓರೆಯಾಗಿದ್ದರೆ ಪಾದವನ್ನೋ ಫ್ರೇಮನ್ನೋ ಮೆಷಿನ್ ಮಾಡಿಸಬೇಕು. ಸ್ಟೇನ್‌ಲೆಸ್ ಸ್ಟೀಲಿನ ಶಿಮ್‌ಗಳನ್ನೇ ಬಳಸಿ, ಒಂದು ಪಾದದಡಿ ಮೂರು ನಾಲ್ಕಕ್ಕಿಂತ ಹೆಚ್ಚು ಇಡಬೇಡಿ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ತೂರಿಸುವುದು ಬೇಡವೇ ಬೇಡ, ಅದು ತುಕ್ಕು ಹಿಡಿದು ಪುಡಿಯಾಗುತ್ತದೆ.

ಡಯಲ್ ಗೇಜ್ ಅಥವಾ ಲೇಸರ್ ಉಪಕರಣದಿಂದ ಮಾಡುವ ಅಂತಿಮ ಅಲೈನ್‌ಮೆಂಟಿನಲ್ಲಿ, ನಿಮಿಷಕ್ಕೆ 1,480 ಸುತ್ತಿನ ಪಂಪಿಗೆ ಎರಡು ಶಾಫ್ಟುಗಳ ನಡುಗೆರೆಗಳ ನಡುವಿನ ಅಂತರವನ್ನು 0.05 ಮಿಮೀ ಆಸುಪಾಸಿಗೆ ತರುವ ಗುರಿ ಇರಲಿ. ಕಪ್ಲಿಂಗ್ ಮೆತ್ತಗಿದೆ, ಅದು ತಡೆದುಕೊಳ್ಳುತ್ತದೆ ಎಂಬ ಮಾತು ಕಪ್ಲಿಂಗಿನ ರಬ್ಬರಿಗೆ ಮಾತ್ರ ಅನ್ವಯಿಸುತ್ತದೆ, ಬೇರಿಂಗಿಗಲ್ಲ. ಬಿಸಿನೀರಿನ ಪಂಪಿನಲ್ಲಿ ಇನ್ನೊಂದು ಲೆಕ್ಕವಿದೆ: ಪಾದದಿಂದ ಶಾಫ್ಟಿನವರೆಗೆ 300 ಮಿಮೀ ಎತ್ತರವಿರುವ ಪಂಪು 60 ಡಿಗ್ರಿ ಬಿಸಿಯೇರಿದರೆ ಶಾಫ್ಟು ಸುಮಾರು 0.2 ಮಿಮೀ ಮೇಲೇಳುತ್ತದೆ. ಅಷ್ಟೇ ಎತ್ತರದ ಮೋಟಾರು 30 ಡಿಗ್ರಿಯಷ್ಟೇ ಬಿಸಿಯಾದರೆ 0.1 ಮಿಮೀ ಏಳುತ್ತದೆ. ಹಾಗಾಗಿ ತಣ್ಣಗಿರುವಾಗ ಮೋಟಾರನ್ನು 0.1 ಮಿಮೀ ಎತ್ತರಕ್ಕೆ ಇಡಬೇಕು, ಓಡಿಸಿ ಬಿಸಿಯಾದ ಮೇಲೆ ನಿಲ್ಲಿಸಿ ಮತ್ತೆ ಅಳೆಯಬೇಕು.

ಪೈಪಿನ ಭಾರ ಪಂಪಿನ ಮೇಲೆ ಬೀಳದಿರಲಿ

ಪೈಪನ್ನು ಪಂಪಿನ ಕಡೆಗೆ ತರಬೇಕು, ಪಂಪನ್ನು ಪೈಪಿನ ಕಡೆಗೆ ಎಳೆಯಬಾರದು. ಪೈಪಿನ ಮತ್ತು ಪಂಪಿನ ಬಾಯಿಯಲ್ಲಿ ಬೋಲ್ಟು ಬಿಗಿಯುವ ಬಿಲ್ಲೆಗಳಾದ ಫ್ಲ್ಯಾಂಜುಗಳು ಸಮಾನಾಂತರವಾಗಿದ್ದು, ಬೋಲ್ಟುಗಳು ಕೈಯಿಂದಲೇ ಸಲೀಸಾಗಿ ತೂರಬೇಕು; ಸಬ್ಬಲ್ ಹಾಕಿ ಮೀಟಿ ತೂರಿಸಬೇಕಾಗಿ ಬಂದರೆ ಆ ಪೈಪನ್ನು ಕತ್ತರಿಸಿ ಮತ್ತೆ ವೆಲ್ಡ್ ಮಾಡಿಸಿ. ಪರೀಕ್ಷೆ ಸರಳ: ಕಪ್ಲಿಂಗಿನ ಮೇಲೆ ಅಡ್ಡಕ್ಕೊಂದು, ಲಂಬಕ್ಕೊಂದು ಡಯಲ್ ಗೇಜ್ ನಿಲ್ಲಿಸಿ, ಸಕ್ಷನ್ (ನೀರು ಒಳಬರುವ) ಮತ್ತು ಡೆಲಿವರಿ (ನೀರು ಹೊರಹೋಗುವ) ಫ್ಲ್ಯಾಂಜುಗಳನ್ನು ಒಂದಾದ ಮೇಲೊಂದು ಬಿಗಿಯಿರಿ. ಮುಳ್ಳು 0.05 ಮಿಮೀಗಿಂತ ಹೆಚ್ಚು ಅಲುಗಿದರೆ ಪೈಪು ಪಂಪನ್ನು ಎಳೆಯುತ್ತಿದೆ. ಹಳೆಯ ಪಂಪಿನಲ್ಲೂ ಫ್ಲ್ಯಾಂಜ್ ಸಡಿಲಿಸುತ್ತಾ ಇದೇ ಪರೀಕ್ಷೆ ಮಾಡಬಹುದು.

ವಾಲ್ವ್, ನಾನ್‌ರಿಟರ್ನ್ ವಾಲ್ವ್ ಮತ್ತು ಪೈಪಿನೊಳಗಿನ ನೀರಿನ ತೂಕವನ್ನು ಪಂಪಿನ ಹತ್ತಿರವೇ, ನೆಲದಿಂದ ಎದ್ದ ಸ್ವತಂತ್ರ ಆಧಾರಗಳು ಹೊರಬೇಕು. ಕಂಪನ ತಡೆಯಲೆಂದು ಡೆಲಿವರಿಗೆ ರಬ್ಬರ್ ಬೆಲ್ಲೋಸ್ (ಹಿಗ್ಗಿ ಕುಗ್ಗುವ ಪೈಪಿನ ತುಂಡು) ಹಾಕುವವರು ಒಂದನ್ನು ಗಮನಿಸಬೇಕು. 150 ಮಿಮೀ ಬೆಲ್ಲೋಸಿನಲ್ಲಿ ಚದರ ಸೆಂಟಿಮೀಟರಿಗೆ 10 ಕೆಜಿ ಒತ್ತಡವಿದ್ದರೆ ಅದು ಕನಿಷ್ಠ 1,770 ಕೆಜಿಯಷ್ಟು ಬಲದಿಂದ ಎರಡೂ ಕಡೆ ತಳ್ಳುತ್ತದೆ. ಬೆಲ್ಲೋಸಿನ ಎರಡೂ ತುದಿಗಳನ್ನು ಹಿಡಿದಿಡುವ ಟೈ ರಾಡ್ ಅಥವಾ ಗಟ್ಟಿ ಆಂಕರ್ ಇಲ್ಲದಿದ್ದರೆ ಆ ಬಲವೆಲ್ಲ ಪಂಪಿನ ಬಾಯಿಯ ಮೇಲೆ ಬೀಳುತ್ತದೆ.

ಎಷ್ಟೇ ಚೆನ್ನಾಗಿ ಕೂರಿಸಿದರೂ ನೀರು ಸರಿಯಾಗಿ ಬರದ ಪಂಪು ನಡುಗುತ್ತದೆ. ಸಕ್ಷನ್ ಬಾಯಿಗೆ ಮೊದಲು ಪೈಪಿನ ವ್ಯಾಸದ ಕನಿಷ್ಠ 5 ಪಟ್ಟು ನೇರ ಉದ್ದ ಬಿಡಿ, ಪೈಪನ್ನು ಕಿರಿದಾಗಿಸುವ ರೆಡ್ಯೂಸರಿನ ಚಪ್ಪಟೆ ಬದಿ ಮೇಲಕ್ಕಿರಲಿ, ಗಾಳಿ ನಿಲ್ಲುವ ಉಬ್ಬು ಎಲ್ಲಿಯೂ ಬೇಡ. ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದ ದಾವಣಗೆರೆಯಲ್ಲಿ ವಾತಾವರಣದ ಒತ್ತಡ ಸುಮಾರು 9.6 ಮೀಟರ್ ನೀರಿನಷ್ಟು. ಅದರಲ್ಲಿ 90 ಡಿಗ್ರಿಯ ನೀರಿನ ಆವಿಯ ಒತ್ತಡಕ್ಕೇ 7 ಮೀಟರಿಗಿಂತ ಹೆಚ್ಚು ಹೋಗುತ್ತದೆ. ಬಾಯ್ಲರಿನ ನೀರಿನ ತೊಟ್ಟಿಯನ್ನು ಪಂಪಿಗಿಂತ ಎತ್ತರದಲ್ಲಿ ಇಡಲೇಬೇಕಾದ ಕಾರಣ ಇದು. ಪಂಪಿನೊಳಗೆ ಜಲ್ಲಿ ಉರುಳಿದಂತೆ ಸದ್ದು ಬಂದರೆ ಬೋಲ್ಟು ಬಿಗಿಯುವುದನ್ನು ಬಿಟ್ಟು ಸಕ್ಷನ್ ಕಡೆ ನೋಡಿ.

ರಬ್ಬರ್ ಮತ್ತು ಸ್ಪ್ರಿಂಗ್ ಎಲ್ಲಿ ಬೇಕು

ನೆಲದ ಮೇಲಿನ ಪಂಪಿಗೆ ಗಟ್ಟಿ ಅಡಿಪಾಯವೇ ಸರಿ. ಮಹಡಿಯ ಮೇಲೆ, ಆಸ್ಪತ್ರೆಯಲ್ಲಿ, ಕೆಳಗೆ ಜನ ಮಲಗುವ ಕಟ್ಟಡದಲ್ಲಿ ಮಾತ್ರ ಸ್ಪ್ರಿಂಗ್ ಅಥವಾ ರಬ್ಬರ್ ಬೇಕಾಗುತ್ತದೆ. ಪಂಪಿನ ತೂಕಕ್ಕೆ ಅದು ಎಷ್ಟು ಮಿಮೀ ತಗ್ಗುತ್ತದೆಂಬುದರ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಅದರ ಸಹಜ ಆವರ್ತನ (ಬಡಿದು ಬಿಟ್ಟರೆ ತಾನಾಗಿ ಸೆಕೆಂಡಿಗೆ ಎಷ್ಟು ಸಲ ಅಲುಗುತ್ತದೆಂಬುದು) ಹರ್ಟ್ಸ್‌ನಲ್ಲಿ ಸಿಗುತ್ತದೆ. 3 ಮಿಮೀ ತಗ್ಗುವ ರಬ್ಬರಿಗೆ ಅದು ಸುಮಾರು 9 ಹರ್ಟ್ಸ್, 25 ಮಿಮೀ ತಗ್ಗುವ ಸ್ಪ್ರಿಂಗಿಗೆ ಸುಮಾರು 3 ಹರ್ಟ್ಸ್. 1,480 ಸುತ್ತಿನ ಪಂಪಿನ ಕಂಪನ 24.7 ಹರ್ಟ್ಸ್ ಆದ್ದರಿಂದ, ಗಟ್ಟಿ ನೆಲದ ಮೇಲಾದರೆ ರಬ್ಬರಿನಡಿ ಬಲದ ಆರನೇ ಒಂದು ಭಾಗದಷ್ಟೂ ಸ್ಪ್ರಿಂಗಿನಡಿ ಶೇ 2ರಷ್ಟೂ ಮಾತ್ರ ಇಳಿಯುತ್ತದೆ. ಸಹಜ ಆವರ್ತನ ಪಂಪಿನ ಆವರ್ತನಕ್ಕೆ ಹತ್ತಿರವಾದರೆ ಮಾತ್ರ ರಬ್ಬರು ಕಂಪನವನ್ನು ಹೆಚ್ಚಿಸುತ್ತದೆ, ಆದ್ದರಿಂದ ಎಷ್ಟು ತಗ್ಗುತ್ತದೆಂದು ತಿಳಿಯದ ಹಳೆಯ ಟೈರಿನ ತುಂಡು ಕತ್ತರಿಸಿ ಫ್ರೇಮಿನಡಿ ಇಡುವುದು ಅಪಾಯ. ಪಂಪು ಮತ್ತು ಮೋಟಾರು ಒಂದೇ ಗಟ್ಟಿ ಫ್ರೇಮಿನಲ್ಲಿದ್ದು, ಆ ಫ್ರೇಮಿನಡಿ ಸ್ಪ್ರಿಂಗ್ ಇರಬೇಕು.

ಜಾಕ್‌ವೆಲ್ಲಿನ ಲಂಬ ಪಂಪುಗಳು

ನದಿದಂಡೆಯ ಜಾಕ್‌ವೆಲ್ಲುಗಳಲ್ಲಿ (ನದಿನೀರು ಸೇರುವ ಆಳದ ಬಾವಿಗಳಲ್ಲಿ) ಮೋಟಾರು ಎಲ್ಲಕ್ಕಿಂತ ಮೇಲೆ ಕುಳಿತಿರುವುದರಿಂದ ಕಂಪನ ಅದರ ತಲೆಯಲ್ಲೇ ಹೆಚ್ಚು. ನೆಲದಿಂದ ಮೇಲಿನ ಈ ರಚನೆಯ ಸಹಜ ಆವರ್ತನ ಪಂಪಿನ ವೇಗದಿಂದ ಕನಿಷ್ಠ ಶೇ 20ರಷ್ಟಾದರೂ ದೂರವಿರಬೇಕು. ಪಂಪು ನಿಂತಿರುವಾಗ ಮೋಟಾರಿನ ತಲೆಗೆ ರಬ್ಬರ್ ಸುತ್ತಿಗೆಯಿಂದ ಬಡಿದು ಕಂಪನಮಾಪಕದಲ್ಲಿ ಆ ಆವರ್ತನವನ್ನು ಅಳೆಯಬಹುದು. ನೀರಿನ ಹರಿವಿನ ದಿಕ್ಕಿಗೂ ಅದಕ್ಕೆ ಅಡ್ಡಲಾಗಿಯೂ ಎರಡು ಅಳತೆ ಬೇಕು. ವಿಎಫ್‌ಡಿ (ಮೋಟಾರಿನ ವೇಗ ಬದಲಿಸುವ ಸಾಧನ) ಅಳವಡಿಸಿದ ಮೇಲೆ ಯಾವುದೋ ಒಂದು ವೇಗದಲ್ಲಿ ಮಾತ್ರ ನಡುಕ ಬರುತ್ತಿದ್ದರೆ ಆ ವೇಗವನ್ನು ಹಾರಿಸಿ ಹೋಗುವಂತೆ ಡ್ರೈವಿನಲ್ಲೇ ಹೊಂದಿಸಬಹುದು.

ಅಳೆದು ಕಾರಣ ಹುಡುಕುವುದು

ಪ್ರತಿ ಬೇರಿಂಗಿನ ಮೇಲೆ ಅಡ್ಡ, ಲಂಬ, ಶಾಫ್ಟಿನ ಉದ್ದ ಹೀಗೆ ಮೂರು ದಿಕ್ಕಿನಲ್ಲಿ ಸೆಕೆಂಡಿಗೆ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಿರಿ. ಪಂಪುಗಳ ಕಂಪನದ ಅಂತರರಾಷ್ಟ್ರೀಯ ಮಾನದಂಡ ಐಎಸ್ಒ 10816-7 ಪ್ರಕಾರ 200 ಕಿಲೋವ್ಯಾಟ್‌ವರೆಗಿನ ಸಾಮಾನ್ಯ ಬಳಕೆಯ ಪಂಪಿಗೆ 3.2ರೊಳಗೆ ಹೊಸ ಪಂಪಿನ ಮಟ್ಟ, 5.1ರವರೆಗೆ ನಿರಂತರ ಓಡಿಸಬಹುದು, 8.5 ದಾಟಿದರೆ ನಿಲ್ಲಿಸಬೇಕು. ಸುತ್ತಿನಷ್ಟೇ ಆವರ್ತನದ ಕಂಪನ ಹೆಚ್ಚಿದ್ದರೆ ಇಂಪೆಲ್ಲರಿನ (ನೀರನ್ನು ತಳ್ಳುವ ಚಕ್ರದ) ಅಸಮತೋಲ ಅಥವಾ ಸಡಿಲ, ಅದರ ಎರಡು ಪಟ್ಟಿನದಾದರೆ ಬಹುಮಟ್ಟಿಗೆ ಅಲೈನ್‌ಮೆಂಟ್. ವಿದ್ಯುತ್ ಕಡಿದ ಕ್ಷಣವೇ ನಡುಕ ಮಾಯವಾದರೆ ದೋಷ ಮೋಟಾರಿನ ವಿದ್ಯುತ್ ಭಾಗದಲ್ಲಿದೆ.

ಅಡಿಪಾಯದ ಮೇಲೆ ಅನುಮಾನವಿದ್ದರೆ, ವಿಶೇಷವಾಗಿ ಲಂಬ ದಿಕ್ಕಿನ ಅಳತೆ ಅಡ್ಡ ದಿಕ್ಕಿನದನ್ನು ಮೀರಿದ್ದರೆ, ಮಾಪಕದ ಆಯಸ್ಕಾಂತವನ್ನು ಮೋಟಾರಿನ ಪಾದ, ಅದರಡಿಯ ಫ್ರೇಮ್‌ಗಳ ಮೇಲೆ ಒಂದೇ ಸಾಲಿನಲ್ಲಿ ಮೇಲಿನಿಂದ ಕೆಳಗೆ ಇಡುತ್ತಾ ಬನ್ನಿ. ಆಯಸ್ಕಾಂತ ಹಿಡಿಯದ ಕಾಂಕ್ರೀಟಿನ ಮೇಲೆ ಮಾಪಕದ ಮುಳ್ಳನ್ನು ಕೈಯಿಂದ ಒತ್ತಿ ಹಿಡಿಯಿರಿ. ಪಾದದಲ್ಲಿ 4.0, ಫ್ರೇಮಿನಲ್ಲಿ 3.8 ಇದ್ದು ಕಾಂಕ್ರೀಟಿನಲ್ಲಿ 0.8ಕ್ಕೆ ಇಳಿದರೆ ಫ್ರೇಮಿಗೂ ಗ್ರೌಟಿಗೂ ನಡುವಿನ ಹಿಡಿತ ಬಿಟ್ಟಿದೆ, ಸುತ್ತಿಗೆಯ ಪರೀಕ್ಷೆಯನ್ನು ಅಲ್ಲಿ ಮತ್ತೆ ಮಾಡಿ. ಪಾದ ಮತ್ತು ಫ್ರೇಮುಗಳ ನಡುವೆಯೇ ಇಂಥ ಜಿಗಿತ ಕಂಡರೆ ಬೋಲ್ಟು ಅಥವಾ ಶಿಮ್ ಸಡಿಲವಾಗಿದೆ. ಮೂರರಲ್ಲೂ ಹೆಚ್ಚುಕಡಿಮೆ ಅಷ್ಟೇ ಅಳತೆ ಬಂದರೆ ಬ್ಲಾಕೇ ಇಡಿಯಾಗಿ ಅಲುಗುತ್ತಿದೆ. ಆಗ ಬ್ಲಾಕಿನ ತೂಕವನ್ನೂ ಅದರಡಿಯ ಮಣ್ಣನ್ನೂ ಸಿವಿಲ್ ಎಂಜಿನಿಯರರಿಂದ ಪರೀಕ್ಷೆ ಮಾಡಿಸಬೇಕು.